ಸೂಜಿ ಮಾಡಿಸುವ ಮುಂಚೆ ಜ್ವರದ ದಿನ ಎಣಿಸಿ

ನಮ್ಮ ಕಡೆ ಯಾರಿಗಾದರೂ ಜ್ವರ ಬಂದದ್ದು ಗೊತ್ತಾದರೆ ಓಣಿಯವರು ಕೇಳುವ ಮೊದಲ ಮಾತು, "ಸೂಜಿ ಮಾಡಿಸೀರೇನು?" ಎರಡನೆಯದು, "ಸಲೈನ್ ಹಚ್ಚ್ಯಾರೇನು?" ಜ್ವರ ಯಾವತ್ತು ಶುರುವಾಯಿತು, ಎಷ್ಟು ಏರಿತ್ತು, ಮಗು ನೀರು ಕುಡಿಯುತ್ತಿದೆಯೋ, ಉಚ್ಚೆ ಹೊಯ್ಯುತ್ತಿದೆಯೋ ಎಂದು ಕೇಳುವವರು ಕಡಿಮೆ. ವಡಗೇರಾ ಸುತ್ತಿನ ಊರುಗಳಲ್ಲಿ ಈ ಪ್ರಶ್ನೆಗಳ ಕ್ರಮ ಬದಲಾಗಬೇಕು ಎನ್ನುವುದು ನಮ್ಮ ವಾದ. ನಾವು ಡಾಕ್ಟರುಗಳಲ್ಲ, ಪತ್ರಿಕೋದ್ಯಮ ಓದಿಕೊಂಡವರು. ಕೆಳಗೆ ಬರೆದ ಔಷಧಿ-ಅಳತೆಯ ಮಾತುಗಳು ವೈದ್ಯರು ಎಲ್ಲ ಕಡೆ ಹೇಳುವವೇ. ಅದರ ಮೇಲಿನ ಸಿಟ್ಟು, ಅಭಿಪ್ರಾಯ ಮಾತ್ರ ನಮ್ಮವು.

ಸೂಜಿಯ ಮೇಲಿನ ನಂಬಿಕೆ ಸುಮ್ಮನೆ ಬಂದದ್ದಲ್ಲ. ಚುಚ್ಚಿಸಿಕೊಂಡು ಸ್ವಲ್ಪ ಹೊತ್ತಿಗೆ ಮೈ ಬೆವರುತ್ತದೆ, ಬಿಸಿ ಇಳಿಯುತ್ತದೆ, ಮಲಗಿದವರು ಎದ್ದು ಕೂತು ಚಹಾ ಕೇಳುತ್ತಾರೆ. ಕಣ್ಣಿಗೆ ಕಂಡ ಗುಣವನ್ನು ಯಾರು ಅಲ್ಲ ಅಂತಾರೆ? ಆದರೆ ಬಹಳ ಸಲ ಆ ಸೂಜಿಯಲ್ಲಿ ಇರುವುದು ಪ್ಯಾರಾಸಿಟಮಾಲ್, ಇಲ್ಲವೆ ಡೈಕ್ಲೋಫೆನಾಕ್. ಮೊದಲನೆಯದು ಕೆಲವೇ ರೂಪಾಯಿಯ ಗುಳಿಗೆಯಲ್ಲೂ ಸಿಗುತ್ತದೆ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಎರಡನೆಯದು, ಬಂದಿರುವುದು ಡೆಂಗಿಯಾಗಿದ್ದರೆ, ರಕ್ತ ಸೋರುವ ಅಪಾಯವನ್ನು ಹೆಚ್ಚು ಮಾಡುತ್ತದೆ. ಎರಡೂ ಇಳಿಸುವುದು ಬಿಸಿಯನ್ನು, ಅದೂ ಕೆಲವು ತಾಸು ಮಾತ್ರ. ಒಳಗಿನ ಕಾಯಿಲೆ ತನ್ನ ಪಾಡಿಗೆ ತಾನು ಮುಂದೆ ಸಾಗುತ್ತಿರುತ್ತದೆ. ಮರುದಿನ ಮತ್ತೆ ಮೈ ಸುಡುತ್ತದೆ, ಮತ್ತೆ ಸೂಜಿ. ಮೂರನೇ ದಿನ ಸಲೈನ್. ನಾಲ್ಕನೇ ದಿನ ಕೈಕಾಲು ತಣ್ಣಗಾದಾಗ ಗಾಡಿ ಹುಡುಕಾಟ.

ಊರಿನಲ್ಲಿ ಸೂಜಿ ಮಾಡುವವರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ಪೇಟೆಯ ಪತ್ರಿಕೆಗಳು ಅದನ್ನೇ ಮಾಡುತ್ತವೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಬೈಕ್ ಹತ್ತಿ ಮನೆಗೆ ಬರುವವರು ಅವರೇ. ರೊಕ್ಕ ಇಲ್ಲದಿದ್ದರೆ ಉದ್ರಿ ಬರೆದುಕೊಳ್ಳುವವರೂ ಅವರೇ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆಯಾಯಿತು, 2017ರ ಬಜೆಟ್‌ನಲ್ಲಿ ವಡಗೇರಾ ತಾಲೂಕೆಂದು ಘೋಷಣೆಯಾಯಿತು, ಯಾದಗಿರಿಗೆ ವೈದ್ಯಕೀಯ ಕಾಲೇಜೂ ಬಂತು. ಆದರೂ ರಾತ್ರಿ ಹೊತ್ತು ಮಗುವಿಗೆ ಜೋರು ಜ್ವರ ಬಂದರೆ ಹಯ್ಯಾಳ, ಕೊಂಕಲ್ ಕಡೆಯ ಮನೆಯವರು ಗಾಡಿ ಯಾವ ಕಡೆ ತಿರುಗಿಸಬೇಕು, ಯಾದಗಿರಿಗೋ ಶಹಾಪುರಕ್ಕೋ ಎಂದು ಯೋಚಿಸುತ್ತಾ ನಿಲ್ಲುತ್ತಾರೆ. ಆ ಯೋಚನೆಯ ಹೊತ್ತಿನಲ್ಲಿ ಹತ್ತಿರ ಸಿಕ್ಕವರ ಕೈ ಹಿಡಿಯುತ್ತಾರೆ. ತಪ್ಪು ಅನ್ನಲಾರೆವು. ನಮ್ಮ ಕೋರಿಕೆ ಇಷ್ಟೇ: ಆ ಹೊತ್ತು ಬರುವ ಮುಂಚೆ ಮನೆಯಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ, ಅದನ್ನು ಕಲಿತಿಟ್ಟುಕೊಳ್ಳೋಣ.

ಮೊದಲು ಥರ್ಮಾಮೀಟರ್. ಹಣೆಗೆ ಅಂಗೈ ಇಟ್ಟು "ಸುಡ್ಲಿಕತ್ತದ" ಅನ್ನುವುದು ಜ್ವರ ಇದೆಯೋ ಇಲ್ಲವೋ ಹೇಳೀತು, ಎಷ್ಟಿದೆ ಎಂದು ಹೇಳುವುದಿಲ್ಲ. ಗುಂಡಿ ಒತ್ತುವ ಡಿಜಿಟಲ್ ಥರ್ಮಾಮೀಟರ್ ಈಗ ಹೆಚ್ಚು ಕಡಿಮೆ ಒಂದು ಕಿಲೋ ತೊಗರಿಬೇಳೆಯ ದುಡ್ಡಿಗೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬಗಲಲ್ಲಿ ಇಟ್ಟು, ಕೈ ಒತ್ತಿ ಹಿಡಿದು, ಅದು ಕೂಗುವವರೆಗೆ ಕಾಯಬೇಕು. 98.6 ಸಾಮಾನ್ಯ. 100.4 ದಾಟಿದರೆ ಜ್ವರ. 104 ಮುಟ್ಟಿದರೆ ಮನೆಯಲ್ಲಿ ಕೂರುವ ಜ್ವರವಲ್ಲ. ಮನೆಗೊಂದು ಆಗದಿದ್ದರೆ ಓಣಿಗೊಂದಾದರೂ ಇರಲಿ, ಸಂಘದ ಅಕ್ಕಂದಿರು ಮನಸ್ಸು ಮಾಡಿದರೆ ಒಂದು ವಾರದ ಉಳಿತಾಯದಲ್ಲಿ ಆಗುವ ಕೆಲಸ.

ಹಾಗಂತ ಅಂಕಿಯನ್ನೇ ನೋಡುತ್ತಾ ಹೆದರಬೇಕಿಲ್ಲ. ಜ್ವರ ಎಂದರೆ ಒಳಹೊಕ್ಕ ರೋಗಾಣುವಿನ ಜೊತೆ ಮೈ ಹೋರಾಡುವಾಗ ಏರುವ ಕಾವು. 103 ಇದ್ದರೂ ಗುಳಿಗೆ ಕೊಟ್ಟು ಬಿಸಿ ಇಳಿದ ಮೇಲೆ ಮಗು ಆಡುತ್ತಿದೆ, ನೀರು ಕುಡಿಯುತ್ತಿದೆ ಎಂದರೆ ಸ್ವಲ್ಪ ಸಮಾಧಾನ. 101 ಇದ್ದೂ ಮಗು ಜೋಲು ಬಿದ್ದಿದೆ, ಹಾಲು ಎಳೆಯುತ್ತಿಲ್ಲ, ಕರೆದರೆ ಕಣ್ಣು ಬಿಡುತ್ತಿಲ್ಲ ಎಂದರೆ ಆಗಲೇ ಹೊರಡಬೇಕು. ಅಂಕಿಗಿಂತ ಮಗುವಿನ ಮುಖ ಹೆಚ್ಚು ಹೇಳುತ್ತದೆ. ಒಂದೇ ಕಡೆ ಅಂಕಿ ಮಾತ್ರ ಸಾಕು: ಮೂರು ತಿಂಗಳ ಒಳಗಿನ ಕೂಸಿಗೆ 100.4 ಬಂದರೆ ಗುಳಿಗೆ, ಕಷಾಯ, ಎಣ್ಣೆ ಏನೂ ಇಲ್ಲದೆ ನೇರ ದವಾಖಾನೆ. ಅಷ್ಟು ಸಣ್ಣ ಕೂಸು ಬೇರೆ ಯಾವ ಗುರುತನ್ನೂ ತೋರಿಸದೆ ಕೈಬಿಟ್ಟು ಹೋಗಬಹುದು.

ಇನ್ನು ಕೌದಿ. ಜ್ವರ ಬಂದರೆ ಬಾಗಿಲು ಕಿಟಕಿ ಮುಚ್ಚಿ, ಎರಡು ಕೌದಿ ಹೊದಿಸಿ ಬೆವರು ಬರಿಸುವುದು ನಮ್ಮ ಹಿರಿಯರ ರೂಢಿ. ಚಳಿ ಹತ್ತಿ ನಡುಗುವಾಗ ಒಂದು ಹೊದಿಕೆ ಇರಲಿ. ನಡುಕ ನಿಂತ ಮೇಲೆ ತೆಗೆಯಬೇಕು, ಇಲ್ಲದಿದ್ದರೆ ಒಳಗಿನ ಬಿಸಿ ಹೊರಗೆ ಹೋಗುವುದೇ ಇಲ್ಲ. ತೆಳು ಹತ್ತಿ ಬಟ್ಟೆ, ಗಾಳಿಯಾಡುವ ಜಾಗ ಸಾಕು. ಮೈ ಒರೆಸುವುದಿದ್ದರೆ ಉಗುರು ಬೆಚ್ಚಗಿನ ನೀರು. ಐಸ್ ನೀರು ಹಾಕಿದರೆ ಮಗು ನಡುಗಿ ಕಾವು ಇನ್ನೂ ಏರುತ್ತದೆ. ಸ್ಪಿರಿಟ್ ತಿಕ್ಕುವುದು ಬೇಡವೇ ಬೇಡ. "ಜ್ವರದಾಗ ಊಟ ಹಾಕಬಾರದು" ಎಂದು ಉಪವಾಸ ಕೆಡವುವುದೂ ಬೇಡ. ಗಂಜಿ, ಮಜ್ಜಿಗೆ, ಅಂಬಲಿ, ಬೇಳೆಕಟ್ಟು, ಓಆರ್‌ಎಸ್, ಏನು ಇಳಿಯುತ್ತದೋ ಅದನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಕೂಸಿಗೆ ಎದೆಹಾಲು ನಿಲ್ಲಿಸಬಾರದು. ಬಾಯಿಂದ ಕುಡಿಯಲು ಆಗುವವರಿಗೆ ಸಲೈನಿನ ಬಾಟಲಿ ಕೊಡುವುದೂ ಇದೇ ನೀರು, ಇದೇ ಉಪ್ಪು. ವಾಂತಿ ನಿಲ್ಲದವರಿಗೆ, ಎಚ್ಚರ ತಪ್ಪಿದವರಿಗೆ ಅದು ಬೇಕು, ಆದರೆ ಅಳತೆ ಗೊತ್ತಿರುವವರ ಕೈಯಿಂದ. ಡೆಂಗಿಯಲ್ಲಿ ಸಲೈನ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಗುಳಿಗೆಯ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಯಾಕೆಂದರೆ ಇಲ್ಲಿ ಆಗುವ ಎಡವಟ್ಟು ಕಣ್ಣಿಗೆ ಕಾಣುವುದಿಲ್ಲ. ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂನ ಒಂದು ಗುಳಿಗೆ, ಬೇಕೆನಿಸಿದರೆ ಆರು ತಾಸಿನ ಮೇಲೆ ಇನ್ನೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ತಗೊಳ್ಳಲಿ. ಮಕ್ಕಳಿಗೆ ವಯಸ್ಸು ನೋಡಿ ಅಲ್ಲ, ತೂಕ ನೋಡಿ ಕೊಡಬೇಕು: ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ತೂಕ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ಬರೆದಿಟ್ಟಿರುತ್ತಾರೆ.

ಗೊಂದಲ ಬಾಟಲಿಯಲ್ಲಿದೆ. ಅಂಗಡಿಯಲ್ಲಿ ಸಿಗುವ ಒಂದು ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುತ್ತದೆ. ಅದೇ ಹೆಸರಿನ ಇನ್ನೊಂದರಲ್ಲಿ 5 ಎಂಎಲ್‌ಗೆ 250. ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಅಂದರೆ 10 ಕಿಲೋ ಮಗುವಿಗೆ ಮೊದಲನೆಯದಾದರೆ 5 ಎಂಎಲ್, ಎರಡನೆಯದಾದರೆ ಎರಡೂವರೆ, ಡ್ರಾಪ್ಸ್ ಆದರೆ ಒಂದು ಎಂಎಲ್. ಸಣ್ಣ ಬಾಟಲಿ, ಸಣ್ಣ ಮಕ್ಕಳದು, ಶಕ್ತಿ ಕಡಿಮೆ ಇರಬೇಕು ಎಂದುಕೊಂಡು ಡ್ರಾಪ್ಸನ್ನು ಚಮಚದಲ್ಲಿ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವುದು ದೊಡ್ಡವರ ಗುಳಿಗೆಯಷ್ಟು. ಬಾಟಲಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ ಎಂದು ಸರ್ಕಾರ ಕಂಪನಿಗಳಿಗೆ ಹೇಳಲು ಏನು ಅಡ್ಡಿಯೋ ನಮಗೆ ತಿಳಿಯದು. ಅಲ್ಲಿಯವರೆಗೆ ಅಂಗಡಿಯವರಿಂದಲೇ ಬಾಟಲಿಯ ಮುಚ್ಚಳದ ಮೇಲೆ "ಇಷ್ಟು ಎಂಎಲ್" ಎಂದು ಪೆನ್ನಿನಲ್ಲಿ ಬರೆಸಿಕೊಳ್ಳಿ. ಅಡಿಗೆಮನೆಯ ಚಮಚ ಬಿಟ್ಟು ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ನೆಗಡಿಯ ಗುಳಿಗೆಗಳಲ್ಲೂ ಬಹಳ ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಯಾವ ಜ್ವರ ಎಂದು ಗೊತ್ತಾಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕಡೆ ಹೋಗಬೇಡಿ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಕಿರಾಣಿ ಅಂಗಡಿಯ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಕತ್ತರಿಸಿಟ್ಟ ಗುಳಿಗೆಗಳಿಗೆ ಹೆಸರೇ ಇರುವುದಿಲ್ಲ. "ಜ್ವರದ ಗುಳಿಗಿ ಕೊಡು" ಅಂದರೆ ಯಾವುದು ಕೈಗೆ ಬರುತ್ತದೋ ದೇವರೇ ಬಲ್ಲ.

ಮಕ್ಕಳಿಗೆ ಜ್ವರ ಏರುವಾಗ ಕೈಕಾಲು ಸೆಟೆದು, ಕಣ್ಣು ಮೇಲೆ ಹೋಗಿ ಫಿಟ್ಸ್ ಬರುವುದುಂಟು, ಆರು ತಿಂಗಳಿಂದ ಐದು ವರ್ಷದೊಳಗೆ ಹೆಚ್ಚು. ನೋಡುವವರ ಜೀವವೇ ಹೋದಂತಾಗುತ್ತದೆ. ಆಗ ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ನೀರು ಕುಡಿಸುವುದು ಯಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಂದ ಬಂದ ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡಿ. ಬಹಳ ಸಲ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ಇಲ್ಲವೆ ಮತ್ತೆ ಬಂದರೆ 108. ನಿಂತರೂ, ಮೊದಲ ಸಲ ಬಂದಿದ್ದರೆ, ಅವತ್ತೇ ಡಾಕ್ಟರಿಗೆ ತೋರಿಸಬೇಕು, ಮಿದುಳಿನ ಜ್ವರ ಅಲ್ಲ ಎಂದು ಖಾತ್ರಿಯಾಗಬೇಕಲ್ಲ.

ಬರೆ ಹಾಕುವ ಮಾತು ಬರೆಯಲು ಕೈ ನಡುಗುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಕೊಪ್ಪಳ ಜಿಲ್ಲೆಯಲ್ಲಿ ಹಸುಗೂಸುಗಳಿಗೆ ಜ್ವರ ಬಂದರೆ ಊದಿನಕಡ್ಡಿಯಿಂದ ಸುಡುವ ರೂಢಿ 2025ರಲ್ಲಿ ದೊಡ್ಡ ಸುದ್ದಿಯಾಯಿತು. ಆ ತಾಯಂದಿರು ಕ್ರೂರಿಗಳಲ್ಲ. ಅವರಿಗೆ ಯಾರೂ ಬೇರೆ ದಾರಿ ತೋರಿಸಿರಲಿಲ್ಲ. ಆದರೂ ಹೇಳಬೇಕು: ಸುಟ್ಟ ಗಾಯ ಜ್ವರವನ್ನು ಇಳಿಸುವುದಿಲ್ಲ, ನಂಜು ಒಳಗೆ ಹೋಗಲು ಇನ್ನೊಂದು ಬಾಗಿಲು ತೆಗೆಯುತ್ತದೆ. ಮೈಲಾಪುರದ ಮಲ್ಲಯ್ಯನಿಗೆ ಹರಕೆ ಹೊರುವವರು ಹೊರಲಿ, ದರ್ಗಾದ ತಾಯಿತ ಕಟ್ಟುವವರು ಕಟ್ಟಲಿ, ಅದಕ್ಕೆ ನಮ್ಮ ತಕರಾರಿಲ್ಲ. ಹರಕೆಯ ಕಾಯಿ ಕಟ್ಟಿದ ಕೈಯೇ ಗಾಡಿಯ ಬಾಗಿಲನ್ನೂ ತೆಗೆಯಲಿ.

ಈಗ ದಿನ ಎಣಿಸುವ ಮಾತು. ಮನೆಯ ಗೋಡೆಗೆ ಶಾಬಾದಿಮಠದ ಕ್ಯಾಲೆಂಡರ್ ನೇತಾಡುತ್ತಿರುತ್ತದಲ್ಲ, ಜ್ವರ ಶುರುವಾದ ತಾರೀಖಿಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬೆಳಿಗ್ಗೆ ಸಂಜೆ ಎಷ್ಟು ಜ್ವರ, ಎಷ್ಟು ಗುಳಿಗೆ ಎಂದು ಬರೆಯಿರಿ. ಡೆಂಗಿಯಲ್ಲಿ ಈ ಗೆರೆ ಜೀವ ಉಳಿಸಬಲ್ಲದು. ಯಾಕೆಂದರೆ ಡೆಂಗಿಯ ಅಪಾಯ ಜ್ವರ ಉರಿಯುವಾಗ ಅಲ್ಲ, ಇಳಿಯುವಾಗ ಬರುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ ಬಿಸಿ ಇಳಿಯುತ್ತದೆ, ಮನೆಯವರು "ಆರಾಮಾತು" ಎಂದು ಹೊಲಕ್ಕೆ ಹೋಗುತ್ತಾರೆ. ಅದೇ ಒಂದೆರಡು ದಿನ ಕೆಲವರಲ್ಲಿ ರಕ್ತನಾಳದಿಂದ ನೀರು ಒಳಗೊಳಗೇ ಸೋರಿ ಬಿಪಿ ಕುಸಿಯುತ್ತದೆ. ಹೊಟ್ಟೆ ಕಡುನೋವು, ನಿಲ್ಲದ ವಾಂತಿ, ಒಸಡು ಮೂಗಿನಿಂದ ರಕ್ತ, ಕಪ್ಪು ಮಲ, ತಣ್ಣನೆಯ ಅಂಗೈ ಅಂಗಾಲು, ಆರು ತಾಸಾದರೂ ಉಚ್ಚೆ ಇಲ್ಲದಿರುವುದು, ಮಂಕು ಬಡಿದಂತಾಗುವುದು ಇಲ್ಲವೆ ಸುಮ್ಮನೆ ಚಡಪಡಿಸುವುದು. ಜ್ವರ ಇಳಿದ ಮೇಲೆ ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಪರೀಕ್ಷೆಗೂ ದಿನದ ಲೆಕ್ಕ ಬೇಕು. ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಹೆಚ್ಚು ಉಪಯೋಗ, ಐಜಿಎಂ ಆಮೇಲೆ. 2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಲ್ಲಿ ಈ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯ ಮಿತಿ ಹಾಕಿತು, ಆ ವರ್ಷ ಸೆಪ್ಟೆಂಬರ್ ಹೊತ್ತಿಗೆ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹೆಚ್ಚು ಕೇಳಿದರೆ ರಸೀದಿ ಕೇಳಿ. ಇನ್ನು ನಮ್ಮಲ್ಲಿ ಒಂದೇ ದಿನದ ಜ್ವರಕ್ಕೆ "ಟೈಫಾಯ್ಡ್ ಅದ" ಎಂದು ವಿಡಾಲ್ ರಿಪೋರ್ಟ್ ಕೈಗಿಡುವುದು ಮಾಮೂಲಾಗಿದೆ. ಆ ಪರೀಕ್ಷೆ ಮೊದಲ ವಾರದಲ್ಲಿ ನಂಬಿಕೆಗೆ ಅರ್ಹವಲ್ಲ, ಒಂದೇ ಸಲ ಮಾಡಿದ್ದರ ಮೇಲೆ ತೀರ್ಮಾನವೂ ಸರಿಯಲ್ಲ. ಟೈಫಾಯ್ಡ್ ಅಂದುಕೊಂಡು ಸೂಜಿಗಳ ಕೋರ್ಸ್ ಶುರುಮಾಡಿದ ಮನೆಯವರು ಡೆಂಗಿ, ಮಲೇರಿಯಾದ ಕಡೆ ತಿರುಗಿ ನೋಡುವುದಿಲ್ಲ, ನಷ್ಟ ಆಗುವುದು ಅಲ್ಲಿ.

ಮಲೇರಿಯಾ ನಮ್ಮ ಭಾಗಕ್ಕೆ ಹೊಸದಲ್ಲ. ಚಳಿ, ಜ್ವರ, ಬೆವರು, ಮತ್ತೆ ಎರಡು ದಿನಕ್ಕೆ ಅದೇ ಎಂದರೆ ಹಿರಿಯರೇ ಹೆಸರು ಹೇಳುತ್ತಾರೆ. ಬೆಂಗಳೂರು, ಮುಂಬೈ, ಗೋವಾದ ಕಟ್ಟಡ ಕೆಲಸದಿಂದ ಹಬ್ಬಕ್ಕೆ ಊರಿಗೆ ಬಂದವರಿಗೆ ಜ್ವರ ಬಂದರೆ ಎಲ್ಲಿ ದುಡಿಯುತ್ತಿದ್ದೆವು ಎಂಬುದನ್ನು ದವಾಖಾನೆಯಲ್ಲಿ ತಪ್ಪದೆ ಹೇಳಬೇಕು. ಡಾಕ್ಟರು ಕೇಳದಿದ್ದರೂ ಹೇಳಬೇಕು. ರಕ್ತ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ಗುಳಿಗೆಯೂ ಉಚಿತ. ವೈವ್ಯಾಕ್ಸ್ ಮಲೇರಿಯಾ ಬಂದರೆ 14 ದಿನದ ಗುಳಿಗೆ ಇರುತ್ತದೆ. ಮೂರು ದಿನಕ್ಕೆ ಆರಾಮವಾಯಿತೆಂದು ಬಿಟ್ಟರೆ ಲಿವರಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ.

ನೀರಿನ ಮಾತು ಬಿಟ್ಟರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆಯ ತಿಳಿ ನೀರಿನಲ್ಲಿ, ಹಾಗಾಗಿ ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ತಿಕ್ಕಿ ಎಂದು ಆರೋಗ್ಯ ಇಲಾಖೆ ಗೋಡೆ ಬರೆಸುತ್ತದೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ ಇರುವ ಊರುಗಳಲ್ಲೇ ನಳದ ನೀರು ಯಾವಾಗ ಬರುತ್ತದೆಂದು ಹೆಣ್ಣುಮಕ್ಕಳು ದಾರಿ ಕಾಯುವಾಗ, ತುಂಬಿದ ಬ್ಯಾರಲ್ಲನ್ನು ಯಾರು ಚೆಲ್ಲುತ್ತಾರೆ? ದಿನಾ ನೀರು ಬಂದರೆ ಬ್ಯಾರಲ್ಲೇ ಬೇಕಾಗುವುದಿಲ್ಲ. ಡೆಂಗಿಯ ಜಾಗೃತಿ ಸಭೆಗೆ ಮುಂಚೆ ನಳದ ಸಭೆ ಆಗಬೇಕು. ಸದ್ಯಕ್ಕೆ ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಬ್ಯಾರಲ್ಲಿನ ಬಾಯಿಗೆ ಬಿಗಿಯಾಗಿ ಕಟ್ಟಿ, ನೀರು ತಳ ಮುಟ್ಟಿದ ದಿನ ಒಳಗೋಡೆ ತಿಕ್ಕಿ, ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಬಿಸಿ ಇದೆ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಹೊಲದಲ್ಲಿ, ಖಾತ್ರಿ ಕೆಲಸದಲ್ಲಿ ಇರುವವರಿಗೆ ಆ ಸೌಲಭ್ಯ ಎಲ್ಲಿ? ಬಿಸಿಲಲ್ಲಿ ದುಡಿಯುತ್ತಿದ್ದವರು ಏನೇನೋ ಮಾತಾಡತೊಡಗಿ, ಮೈ ಕೆಂಡವಾಗಿ ಬಿದ್ದರೆ ಅದು ಜ್ವರವಲ್ಲ, ಬಿಸಿಲು ಹೊಡೆತ. ಅದಕ್ಕೆ ಜ್ವರದ ಗುಳಿಗೆ ಕೆಲಸ ಮಾಡುವುದಿಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ತಣ್ಣೀರು ಮೈಮೇಲೆ ಸುರಿದು ಗಾಳಿ ಹಾಕಬೇಕು, ಗಾಡಿ ಬರುವವರೆಗೂ, ಗಾಡಿಯಲ್ಲೂ. ಜ್ವರದ ಮಗುವಿಗೆ ತಣ್ಣೀರು ಬೇಡ ಎಂದ ನಾವೇ ಇಲ್ಲಿ ಸುರಿಯಿರಿ ಎನ್ನುತ್ತಿದ್ದೇವೆ, ಎರಡೂ ಬೇರೆ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಉಳಿದವರಿಗೆ ಎಷ್ಟು ಕಾಯಬಹುದು? ದೊಡ್ಡವರಾದರೆ ಎರಡು ದಿನ ಮನೆಯಲ್ಲಿ ನೋಡಿ, ಮೂರನೇ ದಿನಕ್ಕೂ ಇದ್ದರೆ ರಕ್ತ ಪರೀಕ್ಷೆಗೆ ಹೋಗಿ. ಮಳೆಗಾಲದಲ್ಲಿ, ಓಣಿಯಲ್ಲಿ ಡೆಂಗಿ ಇದ್ದಾಗ ಎರಡನೇ ದಿನವೇ ಹೋದರೆ ಒಳ್ಳೆಯದು. ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಮೊದಲ ದಿನವೇ ತೋರಿಸಲಿ. ಉಸಿರು ಏದುಸಿರಾದರೆ, ಮಗುವಿನ ಪಕ್ಕೆ ಒಳಕ್ಕೆ ಸೆಳೆದರೆ, ಕುತ್ತಿಗೆ ಬಿಗಿದು ಬಾಗದಿದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಮೈಮೇಲೆ ಎದ್ದರೆ, ಮಾತು ತೊದಲಿದರೆ ದಿನ ಎಣಿಸುವ ಪ್ರಶ್ನೆಯೇ ಇಲ್ಲ. 108 ಪುಕ್ಕಟೆ. ಕರೆ ಮಾಡಿದಾಗ ಊರಿನ ಹೆಸರಿನ ಜೊತೆ ತಾಲೂಕು, ಹತ್ತಿರದ ಗುಡಿಯೋ ಶಾಲೆಯೋ ಹೇಳಿ, ಒಂದೇ ಹೆಸರಿನ ಊರು ಜಿಲ್ಲೆಯಲ್ಲಿ ಎರಡೆರಡಿವೆ. ಹೋಗಬೇಕೋ ಬೇಡವೋ ಎಂಬ ಗೊಂದಲವಿದ್ದರೆ 104ಕ್ಕೆ ಫೋನ್ ಮಾಡಿ ಕೇಳಬಹುದು.

ಇದೆಲ್ಲ ಮನೆಯವರ ಕೆಲಸ. ಪಂಚಾಯಿತಿಯವರಿಗೆ, ಇಲಾಖೆಯವರಿಗೆ ನಮ್ಮ ಕೇಳಿಕೆ ಬೇರೆ. ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕೆಲಸ ಮಾಡುವ ಥರ್ಮಾಮೀಟರ್, ಮಲೇರಿಯಾ ಕಾರ್ಡ್, ಅಳತೆ ಬರೆದ ಪ್ಯಾರಾಸಿಟಮಾಲ್ ಇರಬೇಕು. ಆರೋಗ್ಯ ಕೇಂದ್ರದ ಬಾಗಿಲ ಮೇಲೆ ಇವತ್ತು ರಾತ್ರಿ ಯಾರ ಪಾಳಿ, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದು ಕನ್ನಡದಲ್ಲಿ, ಮೊಬೈಲ್ ಟಾರ್ಚಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿರಬೇಕು. 108 ತಡವಾದರೆ ರಾತ್ರಿ ಹೊರಡಲು ಒಪ್ಪುವ ಗಾಡಿಗಳ ಚಾಲಕರ ಪಟ್ಟಿಯನ್ನು ಪಂಚಾಯಿತಿ ಇಟ್ಟುಕೊಂಡು, ಅದರ ಬಾಡಿಗೆಯನ್ನು ಮೊದಲೇ ಗೊತ್ತು ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಈ ಮೂರನ್ನೂ ಅರ್ಜಿಯಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿ ಹೇಗೆ ಬರೆಯಬೇಕೆಂದು ಕೇಳಿದರೆ ಬರೆದುಕೊಡಲು ನಾವಿದ್ದೇವೆ.